ರಸ್ತೆ ಅಪಘಾತದಲ್ಲಿ ಗಾಯಗೊಂಡ ಬೈಸಿಕಲ್ ಸವಾರರ ಹಕ್ಕುಗಳು ಮತ್ತು ಪರಿಹಾರ: ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೆಳಗಿನ ಜಾವ ಡೇರಿಗೆ ಹಾಲಿನ ಕ್ಯಾನು ಕೊಂಡೊಯ್ಯುವ ರೈತರು, ರಾಮನಗರದ ರೇಷ್ಮೆ ನೂಲು ಬಿಚ್ಚಣಿಕೆ ಘಟಕಗಳ ಕೆಲಸಗಾರರು, ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳು, ಮನೆಮನೆಗೆ ಪತ್ರಿಕೆ ಹಾಕುವವರು ಮತ್ತು ಶಾಲಾ ಮಕ್ಕಳು ಇಂದಿಗೂ ಬೈಸಿಕಲ್ಲನ್ನು ಅವಲಂಬಿಸಿದ್ದಾರೆ. ಇಂತಹವರು ಮೋಟಾರು ವಾಹನಕ್ಕೆ ಸಿಲುಕಿ ಗಾಯಗೊಂಡಾಗ, ಬೈಸಿಕಲ್ಲಿಗೆ ನೋಂದಣಿಯಾಗಲಿ ವಿಮೆಯಾಗಲಿ ಇಲ್ಲವೆಂಬ ಕಾರಣದಿಂದ ತಮಗೆ ಪರಿಹಾರ ದೊರೆಯುವುದಿಲ್ಲವೆಂದು ಭಾವಿಸಿ ಸುಮ್ಮನಾಗುವುದು ಕಂಡುಬರುತ್ತದೆ. ಈ ಭಾವನೆ ಸರಿಯಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ ಅಡಿಯಲ್ಲಿ ಬೈಸಿಕಲ್ ಸವಾರರು ಪರಿಹಾರಕ್ಕೆ ಪೂರ್ಣವಾಗಿ ಅರ್ಹರಾಗಿರುತ್ತಾರೆ. ಹಕ್ಕು ಕೈತಪ್ಪುವುದು ಬಹುಮಟ್ಟಿಗೆ ಅಪಘಾತದ ನಂತರದ ಮೊದಲ ಕೆಲವು ವಾರಗಳಲ್ಲಿ ದೂರು, ದಾಖಲೆ ಮತ್ತು ಅರ್ಜಿಯ ವಿಷಯದಲ್ಲಿ ಆಗುವ ಉದಾಸೀನದಿಂದ.

2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲು ರಾಜ್ಯ ಸಚಿವ ಸಂಪುಟವು 2025ರ ಮೇ ತಿಂಗಳಿನಲ್ಲಿ ತೀರ್ಮಾನಿಸಿತು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರಿದ್ದರೂ ಅದರಿಂದ ಅರ್ಜಿದಾರರ ಹಕ್ಕಿಗೆ ಯಾವುದೇ ಬಾಧಕವಿಲ್ಲ.

ಕಾನೂನಿನಲ್ಲಿ ಬೈಸಿಕಲ್ ಸವಾರರ ಸ್ಥಾನ

ಅಧಿನಿಯಮದ 2(28)ನೇ ಕಲಮಿನ ಪ್ರಕಾರ ಯಂತ್ರಶಕ್ತಿಯಿಂದ ಚಲಿಸುವ ವಾಹನವು ಮಾತ್ರ ಮೋಟಾರು ವಾಹನವಾಗಿರುತ್ತದೆ. ಕಾಲಿನಿಂದ ತುಳಿಯುವ ಬೈಸಿಕಲ್ ಈ ವ್ಯಾಖ್ಯೆಗೆ ಒಳಪಡುವುದಿಲ್ಲ. ಆದ್ದರಿಂದ ಅದಕ್ಕೆ ನೋಂದಣಿ, ಚಾಲನಾ ಪರವಾನಗಿ ಅಥವಾ ವಿಮೆ ಬೇಕಾಗಿರುವುದಿಲ್ಲ. 129ನೇ ಕಲಮಿನ ಹೆಲ್ಮೆಟ್ ನಿಯಮವು ಮೋಟಾರು ಸೈಕಲ್‌ಗೆ ಮಾತ್ರ ಸಂಬಂಧಿಸಿದ್ದು, ಬೈಸಿಕಲ್ ಸವಾರರಿಗೆ ಅನ್ವಯಿಸುವುದಿಲ್ಲ. ಹೆಲ್ಮೆಟ್ ಧರಿಸುವುದು ಒಳ್ಳೆಯದೇ. ಆದರೆ ಧರಿಸದಿದ್ದುದರಿಂದ ಈ ಕಲಮಿನ ಉಲ್ಲಂಘನೆಯಾಗುವುದಿಲ್ಲ.

ಮೋಟಾರು ವಾಹನದ ಮಾಲೀಕರಾದರೋ 146ನೇ ಕಲಮಿನಂತೆ ಮೂರನೆಯ ವ್ಯಕ್ತಿಯ ಅಪಾಯಕ್ಕೆ ವಿಮೆ ಮಾಡಿಸುವುದು ಕಡ್ಡಾಯ. ಮೂರನೆಯ ವ್ಯಕ್ತಿ ಎಂದರೆ ವಿಮಾ ಕಂಪನಿ ಮತ್ತು ವಾಹನ ಮಾಲೀಕನ ನಡುವಿನ ಒಪ್ಪಂದಕ್ಕೆ ಹೊರಗಿನವರು. ಪಾದಚಾರಿಗಳು ಹಾಗೂ ಬೈಸಿಕಲ್ ಸವಾರರು ಇದಕ್ಕೆ ನೇರ ನಿದರ್ಶನ. ಮೋಟಾರು ಸೈಕಲ್ಲಿನ ಹಿಂಬದಿ ಸವಾರ, ಸರಕು ಸಾಗಣೆ ವಾಹನದಲ್ಲಿ ಕುಳಿತ ಕೂಲಿಕಾರ್ಮಿಕ ಮೊದಲಾದವರ ವಿಷಯದಲ್ಲಿ ವಿಮಾ ಪಾಲಿಸಿಯ ವ್ಯಾಪ್ತಿಯ ಬಗ್ಗೆ ಹಲವಾರು ತಕರಾರುಗಳು ಏಳುತ್ತವೆ. ಬೈಸಿಕಲ್ ಸವಾರರ ವಿಷಯದಲ್ಲಿ ಆ ತಕರಾರುಗಳಿಗೆ ಆಸ್ಪದವಿಲ್ಲ.

ಅಪಘಾತವು ಮೋಟಾರು ವಾಹನದ ಬಳಕೆಯಿಂದ ಉಂಟಾಗಿರಬೇಕೆಂಬುದೇ ಮುಖ್ಯ ಷರತ್ತು. ವಾಹನ ಚಲಿಸುತ್ತಿರಲೇಬೇಕೆಂದಿಲ್ಲ. ಕತ್ತಲೆಯಲ್ಲಿ ದೀಪವಿಲ್ಲದೆ ರಸ್ತೆಯ ಮೇಲೆ ನಿಲ್ಲಿಸಿದ ಲಾರಿಗೆ ಅಥವಾ ಟ್ರ್ಯಾಕ್ಟರ್ ಟ್ರೈಲರಿಗೆ ಬೈಸಿಕಲ್ ಬಡಿದರೂ, ನಿಂತ ಕಾರಿನ ಬಾಗಿಲನ್ನು ಏಕಾಏಕಿ ತೆರೆದುದರಿಂದ ಸವಾರರು ಬಿದ್ದರೂ ಅರ್ಜಿ ಸಲ್ಲಿಸಬಹುದಾಗಿದೆ. ಹೆದ್ದಾರಿಯಲ್ಲಿ ಎಚ್ಚರಿಕೆಯ ಗುರುತಿಲ್ಲದೆ ನಿಲ್ಲಿಸಿದ ವಾಹನದ ಹೊಣೆಗಾರಿಕೆಯನ್ನು ಸುಪ್ರೀಂ ಕೋರ್ಟ್ ಕರ್ನಾಟಕದ ಮೇಲ್ಮನವಿಯೊಂದರಲ್ಲಿ, ಸುಷ್ಮಾ ಪ್ರಕರಣದಲ್ಲಿ (2024), ಎತ್ತಿಹಿಡಿದಿದೆ.

ತಕ್ಷಣದ ಚಿಕಿತ್ಸೆ

ತುರ್ತು ಸಂದರ್ಭದಲ್ಲಿ 112 ಅಥವಾ 108 ಸಂಖ್ಯೆಗೆ ಕರೆ ಮಾಡತಕ್ಕದ್ದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕರನ್ನು ಸಾಕ್ಷಿಯಾಗುವಂತೆ ಅಥವಾ ಹೆಸರು ತಿಳಿಸುವಂತೆ ಬಲವಂತಪಡಿಸುವಂತಿಲ್ಲ; 134ಎ ಕಲಮು ಅವರಿಗೆ ರಕ್ಷಣೆ ನೀಡಿದೆ.

162ನೇ ಕಲಮಿನಡಿ ಕೇಂದ್ರ ಸರ್ಕಾರವು 2025ರ ಮೇ 5ರಂದು ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಮೋಟಾರು ವಾಹನದಿಂದ ಸಂಭವಿಸಿದ ಯಾವುದೇ ರಸ್ತೆ ಅಪಘಾತದ ಗಾಯಾಳುವಿಗೆ ನಿಯೋಜಿತ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯೊಳಗೆ ಚಿಕಿತ್ಸೆ ಪಡೆಯುವ ಅವಕಾಶವಿದೆ. ಗಾಯಾಳುವಿನ ಆದಾಯವಾಗಲಿ, ತಪ್ಪು ಯಾರದೆಂಬುದಾಗಲಿ ಇಲ್ಲಿ ಪರಿಗಣನೆಗೆ ಬರುವುದಿಲ್ಲ. ಅಪಘಾತವೆಂಬುದನ್ನು ಪೊಲೀಸರು ದೃಢಪಡಿಸಬೇಕಾಗಿರುವುದರಿಂದ, ಪೊಲೀಸ್ ಠಾಣೆಗೆ ಮಾಹಿತಿ ನೀಡುವುದು ಚಿಕಿತ್ಸೆಯ ದೃಷ್ಟಿಯಿಂದಲೂ ಅವಶ್ಯವಾಗಿರುತ್ತದೆ.

ಆಸ್ಪತ್ರೆಗೆ ದಾಖಲಾಗುವಾಗ ಗಾಯದ ಕಾರಣವನ್ನು ಸರಿಯಾಗಿ ಬರೆಯಿಸುವುದು ಅತ್ಯಂತ ಮುಖ್ಯ. ಗಾಬರಿಯಲ್ಲಿ ಸಂಬಂಧಿಕರು "ಸೈಕಲ್ಲಿನಿಂದ ಬಿದ್ದರು" ಎಂದಷ್ಟೇ ಹೇಳುವುದುಂಟು. ಆ ಒಂದು ವಾಕ್ಯ ಆಸ್ಪತ್ರೆಯ ದಾಖಲೆಯಲ್ಲಿ ಸೇರಿದರೆ, ಮೋಟಾರು ವಾಹನವೇ ಡಿಕ್ಕಿ ಹೊಡೆದಿಲ್ಲವೆಂದು ವಿಮಾ ಕಂಪನಿಯು ಮುಂದೆ ವಾದಿಸಲು ಅದನ್ನೇ ಆಧಾರವಾಗಿ ಬಳಸಿಕೊಳ್ಳುತ್ತದೆ. ಡಿಕ್ಕಿ ಹೊಡೆದ ವಾಹನದ ಬಗೆ, ತಿಳಿದಿದ್ದರೆ ಅದರ ಸಂಖ್ಯೆ, ಸ್ಥಳ ಮತ್ತು ಸಮಯವನ್ನು ದಾಖಲಾತಿಯ ವೇಳೆಯಲ್ಲಿಯೇ ತಿಳಿಸತಕ್ಕದ್ದು. ಪ್ರಕರಣವನ್ನು ವೈದ್ಯಕೀಯ-ಕಾನೂನು ಪ್ರಕರಣವೆಂದು ನಮೂದಿಸಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಪೊಲೀಸ್ ದೂರು ಮತ್ತು ಸ್ಥಳದಲ್ಲಿಯೇ ಮಾಡಿಕೊಳ್ಳುವ ರಾಜಿ

ಅಪಘಾತ ನಡೆದ ಸ್ಥಳದ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ದೂರು ನೀಡತಕ್ಕದ್ದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ವ್ಯಾಪ್ತಿಯನ್ನು ಲೆಕ್ಕಿಸದೆ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ಕನಕಪುರ ಅಥವಾ ಮಾಗಡಿ ಕಡೆಯಲ್ಲಿ ಅಪಘಾತವಾಗಿ ತಲೆಗೆ ಪೆಟ್ಟಾದವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯುವ ಸಂದರ್ಭಗಳಲ್ಲಿ ಈ ಅವಕಾಶವು ಉಪಯುಕ್ತವಾಗಿದೆ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡತಕ್ಕದ್ದಾಗಿರುತ್ತದೆ.

ವಾಹನದ ಕಡೆಯವರು ಸ್ಥಳದಲ್ಲಿಯೇ ಕೆಲವು ಸಾವಿರ ರೂಪಾಯಿಗಳನ್ನು ಕೊಟ್ಟು, ಆಸ್ಪತ್ರೆ ಖರ್ಚನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿ, ದೂರು ನೀಡದಂತೆ ಊರಿನ ಹಿರಿಯರ ಮುಖಾಂತರ ಒಪ್ಪಿಸುವುದು ಹಳ್ಳಿಗಳಲ್ಲಿ ಸಾಮಾನ್ಯವಾಗಿದೆ. ಆ ಹಣ ಮೊದಲ ಶಸ್ತ್ರಚಿಕಿತ್ಸೆಗೂ ಸಾಲದೆ ಹೋಗಬಹುದು. ಎರಡು ತಿಂಗಳ ನಂತರ ಮೂಳೆ ಸರಿಯಾಗಿ ಕೂಡಿಲ್ಲವೆಂದು ವೈದ್ಯರು ಹೇಳುವ ವೇಳೆಗೆ ವಾಹನದ ಗುರುತು, ಸಾಕ್ಷಿಗಳು, ಸ್ಥಳದ ಮಹಜರು ಯಾವುದೂ ಉಳಿದಿರುವುದಿಲ್ಲ. ವಿಮೆ ಇರುವ ವಾಹನದ ಮಾಲೀಕನು ಸಾಮಾನ್ಯವಾಗಿ ತನ್ನ ಕೈಯಿಂದ ಪರಿಹಾರ ಕೊಡಬೇಕಾಗಿರುವುದೇ ಇಲ್ಲವೆಂಬುದನ್ನು, ಅದನ್ನು ವಿಮಾ ಕಂಪನಿಯೇ ಭರಿಸುತ್ತದೆಂಬುದನ್ನು ಉಭಯ ಪಕ್ಷದವರಿಗೂ ತಿಳಿಯಪಡಿಸಿದರೆ ಇಂತಹ ರಾಜಿಯ ಅಗತ್ಯವೇ ಬೀಳದು. ದೂರು ನೀಡಿದುದರಿಂದ ನೆರೆಹೊರೆಯ ಸಂಬಂಧ ಕೆಡುತ್ತದೆಂಬ ಸಂಕೋಚವೂ ಅನೇಕ ಬಾರಿ ಅನವಶ್ಯಕವಾದುದು. ಖರ್ಚಿಗೆಂದು ಹಣ ಪಡೆದಿದ್ದಲ್ಲಿ ಅದನ್ನು ಅರ್ಜಿಯಲ್ಲಿ ಮರೆಮಾಚದೆ ತಿಳಿಸತಕ್ಕದ್ದು.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರಲ್ಲಿ ಮಾಡಿದ ತಿದ್ದುಪಡಿಯಂತೆ ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನು ನ್ಯಾಯಮಂಡಳಿ ಹಾಗೂ ವಿಮಾ ಕಂಪನಿಗೆ ಕಳುಹಿಸಬೇಕು. 10 ದಿನಗಳೊಳಗೆ ಗಾಯಾಳುವಿಗೆ ಆತನ ಹಕ್ಕುಗಳನ್ನು ವಿವರಿಸುವ ನಮೂನೆ-2 ಅನ್ನು ನೀಡಬೇಕು. 90 ದಿನಗಳೊಳಗೆ ವಿಸ್ತೃತ ಅಪಘಾತ ವರದಿಯನ್ನು ಸಲ್ಲಿಸಬೇಕು. ಗಾಯಾಳುವು ತನ್ನ ಆದಾಯ, ಗಾಯ, ಖರ್ಚುಗಳ ವಿವರವನ್ನು ನಮೂನೆ-6ರಲ್ಲಿ ತನಿಖಾಧಿಕಾರಿಗೆ ಕೊಡಬೇಕು. ಈ ವಿಧಾನವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಗೋಹರ್ ಮಹಮ್ಮದ್ ಪ್ರಕರಣದಲ್ಲಿ ನಿರ್ದೇಶಿಸಿದೆ. ನಮೂನೆ-2 ಕೈಸೇರದಿದ್ದಲ್ಲಿ ಗಾಯಾಳುವಿನ ಕುಟುಂಬದವರು ಅದನ್ನು ಠಾಣೆಯಲ್ಲಿ ಕೇಳಿ ಪಡೆಯಬಹುದು. ಕೇಳುವುದು ಹಕ್ಕೇ ಹೊರತು ಉಪಕಾರ ಬೇಡಿದಂತಲ್ಲ.

ಯಾವ ಕಲಮಿನ ಅಡಿಯಲ್ಲಿ ಅರ್ಜಿ

ಪರಿಹಾರಕ್ಕೆ ಎರಡು ಮಾರ್ಗಗಳಿವೆ. ಒಂದನೆಯದು 164ನೇ ಕಲಮು. ಇದರಡಿಯಲ್ಲಿ ಚಾಲಕನ ತಪ್ಪನ್ನು ರುಜುವಾತುಪಡಿಸಬೇಕಾಗಿಲ್ಲ. ಮರಣಕ್ಕೆ ರೂ. 5 ಲಕ್ಷ, ತೀವ್ರ ಗಾಯಕ್ಕೆ ರೂ. 2.5 ಲಕ್ಷ ನಿಗದಿಯಾಗಿದೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಮೂಳೆ ಅಥವಾ ಹಲ್ಲು ಮುರಿಯುವುದು, ಕೀಲು ತಪ್ಪುವುದು, ದೃಷ್ಟಿ ಅಥವಾ ಶ್ರವಣ ಶಕ್ತಿಯ ಶಾಶ್ವತ ನಷ್ಟ, 15 ದಿನಗಳ ಕಾಲ ತೀವ್ರ ನೋವು ಅಥವಾ ನಿತ್ಯದ ಕೆಲಸ ಮಾಡಲಾಗದಿರುವುದು ಮೊದಲಾದವು ತೀವ್ರ ಗಾಯಗಳಾಗಿರುತ್ತವೆ. ಹಿಂದೆ ಜಾರಿಯಲ್ಲಿದ್ದ 140 ಮತ್ತು 163ಎ ಕಲಮುಗಳು 2022ರ ಏಪ್ರಿಲ್ 1ರಿಂದ ರದ್ದಾಗಿವೆ. ಹಳೆಯ ಕೈಪಿಡಿಗಳಲ್ಲಿ ಕಾಣುವ ರೂ. 25,000 ಹಾಗೂ ರೂ. 50,000 ಮೊತ್ತಗಳು ಆ ಕಾಲಕ್ಕೆ ಸೇರಿದವು.

ಎರಡನೆಯದು 166ನೇ ಕಲಮು. ಇಲ್ಲಿ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕಾಗುತ್ತದೆ, ಆದರೆ ಪರಿಹಾರಕ್ಕೆ ಗರಿಷ್ಠ ಮಿತಿಯಿಲ್ಲ. ಕ್ರಿಮಿನಲ್ ಪ್ರಕರಣದಂತೆ ಸಂಶಯಾತೀತ ಪುರಾವೆ ಬೇಕಾಗಿರುವುದಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂಬಷ್ಟು ತೋರಿದರೆ ಸಾಕು. ಕೈಕಾಲಿಗೆ ಶಾಶ್ವತ ಊನ ಉಳಿದ ದುಡಿಯುವ ವಯಸ್ಸಿನವರಿಗೆ 166ನೇ ಕಲಮಿನಡಿ ದೊರೆಯುವ ಮೊತ್ತವು ರೂ. 2.5 ಲಕ್ಷವನ್ನು ಸುಲಭವಾಗಿ ಮೀರಬಹುದು. 149ನೇ ಕಲಮಿನ ವಿಧಾನದಂತೆ 164ನೇ ಕಲಮಿನ ಪರಿಹಾರವನ್ನು ಒಪ್ಪಿ ಸ್ವೀಕರಿಸಿದಲ್ಲಿ ನ್ಯಾಯಮಂಡಳಿಯ ಮುಂದಿರುವ ಅರ್ಜಿಯು ಕೊನೆಗೊಳ್ಳುತ್ತದೆ. ಆದ್ದರಿಂದ ವಿಮಾ ಕಂಪನಿಯ ಅಧಿಕಾರಿಯು ತರುವ ಒಪ್ಪಿಗೆ ಪತ್ರಕ್ಕೆ, ಊನದ ಪ್ರಮಾಣವನ್ನು ವೈದ್ಯರಿಂದ ತಿಳಿಯುವ ಮೊದಲೇ ಸಹಿ ಮಾಡುವುದು ಸೂಕ್ತವಲ್ಲ.

166(3)ನೇ ಕಲಮಿನಂತೆ ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಕಾಲಮಿತಿಯ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ತಡವಾದ ಕಾರಣಕ್ಕಾಗಿಯೇ ಅರ್ಜಿಗಳನ್ನು ವಜಾ ಮಾಡದಂತೆ 2025ರ ನವೆಂಬರಿನಲ್ಲಿ ಮಧ್ಯಂತರ ನಿರ್ದೇಶನ ನೀಡಲಾಗಿದೆ. ತಡವಾಗಿರುವವರು ಇದರ ಪ್ರಯೋಜನ ಕೋರಬಹುದು. ಇನ್ನೂ ಕಾಲಾವಕಾಶವಿರುವವರು ಮಧ್ಯಂತರ ಆದೇಶವನ್ನು ನೆಚ್ಚಿ ಕುಳಿತುಕೊಳ್ಳಬಾರದು. ಪೊಲೀಸರ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು 166(4)ನೇ ಕಲಮಿನಲ್ಲಿ ಅವಕಾಶವಿದ್ದರೂ, ಪ್ರತ್ಯೇಕ ಅರ್ಜಿ ಸಲ್ಲಿಸುವುದೇ ಕ್ಷೇಮ.

ವಾಹನ ಪತ್ತೆಯಾಗದಿದ್ದಲ್ಲಿ

ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೂ ಪರಿಹಾರವಿದೆ. 161ನೇ ಕಲಮು ಮತ್ತು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ ರೂ. 2 ಲಕ್ಷ, ತೀವ್ರ ಗಾಯಕ್ಕೆ ರೂ. 50,000 ನೀಡಲಾಗುತ್ತದೆ. 1989ರ ಯೋಜನೆಯಲ್ಲಿ ಇದು ಕ್ರಮವಾಗಿ ರೂ. 25,000 ಮತ್ತು ರೂ. 12,500 ಆಗಿತ್ತು. ಈ ಅರ್ಜಿಗೆ ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಅಪಘಾತ ನಡೆದ ತಾಲ್ಲೂಕಿನ ಕ್ಲೇಮು ವಿಚಾರಣಾಧಿಕಾರಿಗೆ, ಅಂದರೆ ಈ ಕಾರ್ಯಕ್ಕೆ ನಿಯೋಜಿತರಾದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ನಮೂನೆ-1ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಗುರುತಿನ ಮತ್ತು ವಿಳಾಸದ ದಾಖಲೆ, ಪ್ರಥಮ ವರ್ತಮಾನ ವರದಿ, ಗಾಯದ ವರದಿ ಅಥವಾ ಮರಣೋತ್ತರ ಪರೀಕ್ಷಾ ವರದಿ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳನ್ನು ಲಗತ್ತಿಸತಕ್ಕದ್ದು. ವಿಚಾರಣಾಧಿಕಾರಿಯು ಒಂದು ತಿಂಗಳೊಳಗೆ ವರದಿ ನೀಡಬೇಕು. ಜಿಲ್ಲಾಧಿಕಾರಿಯವರು ಕ್ಲೇಮು ಇತ್ಯರ್ಥ ಆಯುಕ್ತರಾಗಿ 15 ದಿನಗಳೊಳಗೆ ಮಂಜೂರು ಮಾಡಬೇಕು. ಸಾಮಾನ್ಯ ವಿಮಾ ಪರಿಷತ್ತು ಆ ನಂತರ 15 ದಿನಗಳೊಳಗೆ ಹಣವನ್ನು ಖಾತೆಗೆ ಜಮಾ ಮಾಡಬೇಕು.

ಈ ಯೋಜನೆಯ ಬಗ್ಗೆ ತಿಳಿವಳಿಕೆ ಕಡಿಮೆಯಿದ್ದು, ಅರ್ಹರಲ್ಲಿ ಬಹಳಷ್ಟು ಮಂದಿ ಅರ್ಜಿಯನ್ನೇ ಸಲ್ಲಿಸುತ್ತಿಲ್ಲವೆಂಬುದನ್ನು ಸುಪ್ರೀಂ ಕೋರ್ಟ್ ಗಮನಿಸಿ 2024ರ ಜನವರಿಯಲ್ಲಿ ಎಸ್. ರಾಜಶೇಖರನ್ ಪ್ರಕರಣದಲ್ಲಿ ನಿರ್ದೇಶನಗಳನ್ನು ನೀಡಿತು. ಅಪಘಾತದ ವರದಿ ದಾಖಲಾದ ಒಂದು ತಿಂಗಳೊಳಗೆ ವಾಹನದ ವಿವರ ದೊರೆಯದಿದ್ದಲ್ಲಿ, ಈ ಯೋಜನೆಯಡಿ ಪರಿಹಾರ ಕೋರಬಹುದೆಂದು ಠಾಣಾಧಿಕಾರಿಯು ಗಾಯಾಳುವಿಗೆ ಅಥವಾ ಮೃತರ ವಾರಸುದಾರರಿಗೆ ಲಿಖಿತವಾಗಿ ತಿಳಿಸಬೇಕು. ಮುಂದೆ ವಾಹನ ಪತ್ತೆಯಾಗಿ ಹೆಚ್ಚಿನ ಪರಿಹಾರ ದೊರೆತಲ್ಲಿ ಮೊದಲು ಪಡೆದ ಮೊತ್ತವನ್ನು ಹಿಂದಿರುಗಿಸಬೇಕಾಗುತ್ತದೆ. ಆ ಕಾರಣಕ್ಕೆ ಈ ಹಣವನ್ನು ಪಡೆಯಲು ಹಿಂಜರಿಯಬೇಕಾಗಿಲ್ಲ.

ಪರಿಹಾರದ ಲೆಕ್ಕಾಚಾರ

ಗಾಯದ ಪ್ರಕರಣದಲ್ಲಿ ಚಿಕಿತ್ಸೆ, ಔಷಧ, ವಿಶೇಷ ಆಹಾರ, ಸಾರಿಗೆ ಮತ್ತು ಆರೈಕೆಯ ವೆಚ್ಚ, ಚಿಕಿತ್ಸೆಯ ಅವಧಿಯಲ್ಲಿ ನಷ್ಟವಾದ ದುಡಿಮೆ, ಶಾಶ್ವತ ಊನದಿಂದ ಮುಂದೆ ಆಗುವ ಆದಾಯದ ನಷ್ಟ, ಭವಿಷ್ಯದ ಚಿಕಿತ್ಸೆ, ನೋವು ಮತ್ತು ಯಾತನೆ, ಜೀವನ ಸೌಖ್ಯದ ನಷ್ಟ, ಈ ಬಾಬುಗಳಡಿ ಪರಿಹಾರವನ್ನು ಲೆಕ್ಕ ಹಾಕಲಾಗುತ್ತದೆ. ಜಖಂಗೊಂಡ ಬೈಸಿಕಲ್ಲಿನ ಬೆಲೆಯನ್ನೂ ಕೋರಬಹುದು. ಅದಕ್ಕಾಗಿ ಮಹಜರಿನಲ್ಲಿ ಅದರ ಉಲ್ಲೇಖವಿರಬೇಕು. ಬೈಸಿಕಲ್ಲನ್ನು ಗುಜರಿಗೆ ಹಾಕುವ ಮುನ್ನ ಅದರ ಛಾಯಾಚಿತ್ರ ತೆಗೆದಿಡುವುದು ಒಳ್ಳೆಯದು.

ಇವುಗಳಲ್ಲಿ ಹೆಚ್ಚು ಮೊತ್ತದ ಬಾಬು ಮುಂದಿನ ಆದಾಯದ ನಷ್ಟ. ಇಲ್ಲಿ ಗಮನಿಸಬೇಕಾದುದು, ವೈದ್ಯರು ಹೇಳುವ ಊನದ ಶೇಕಡಾವಾರು ಬೇರೆ, ಆ ಊನದಿಂದ ದುಡಿಮೆಯ ಶಕ್ತಿಗೆ ಆಗುವ ನಷ್ಟ ಬೇರೆ. ರಾಜ್ ಕುಮಾರ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ವಿವರಿಸಿದೆ. ಕಚೇರಿ ಗುಮಾಸ್ತರೊಬ್ಬರ ಎಡಗೈ ಬೆರಳುಗಳು ಮಡಚಲಾಗದಂತಾದರೆ ಅವರ ಸಂಬಳಕ್ಕೆ ಕುಂದು ಬಾರದಿರಬಹುದು. ಚನ್ನಪಟ್ಟಣದಲ್ಲಿ ಪಟ್ಟಡಿಯ ಮುಂದೆ ಕುಳಿತು ತಿರುಗುವ ಮರಕ್ಕೆ ಉಳಿ ಹಿಡಿದು ಅರಗು ಹಚ್ಚುವ ಕುಶಲಕರ್ಮಿಗೆ, ಅಥವಾ ಬಿಸಿನೀರಿನ ಬೇಸಿನ್ನಿನಲ್ಲಿ ಗೂಡಿನ ಎಳೆ ಹುಡುಕಿ ಹಿಡಿಯುವ ರಾಮನಗರದ ಬಿಚ್ಚಣಿಕೆಗಾರ್ತಿಗೆ ಅದೇ ಗಾಯವು ಕಸುಬನ್ನೇ ಕಸಿದುಕೊಳ್ಳಬಹುದು. ರಾಜ್ಯದ ನ್ಯಾಯಮಂಡಳಿಗಳಲ್ಲಿ ಒಂದು ಅಂಗದ ಊನದ ಮೂರನೆಯ ಒಂದು ಭಾಗವನ್ನು ಇಡೀ ದೇಹದ ಊನವೆಂದು ತೆಗೆದುಕೊಳ್ಳುವ ರೂಢಿ ವ್ಯಾಪಕವಾಗಿದೆ. ಕಸುಬಿನ ಸ್ವರೂಪವನ್ನು ಸಾಕ್ಷ್ಯದ ಮೂಲಕ ತೋರಿಸದಿದ್ದಲ್ಲಿ ಆ ರೂಢಿಯೇ ಅನ್ವಯವಾಗಿಬಿಡುತ್ತದೆ.

ಉದಾಹರಣೆಗೆ, 38 ವರ್ಷದ ಕುಶಲಕರ್ಮಿಯೊಬ್ಬರ ಮಾಸಿಕ ಆದಾಯ ರೂ. 15,000 ಎಂದೂ, ದುಡಿಮೆಯ ನಷ್ಟ ಶೇ. 20 ಎಂದೂ ಇಟ್ಟುಕೊಳ್ಳೋಣ. ಸರಳಾ ವರ್ಮಾ ಪ್ರಕರಣದ (2009) ಕೋಷ್ಟಕದಂತೆ 36ರಿಂದ 40 ವರ್ಷದವರಿಗೆ ಗುಣಕ 15. ವಾರ್ಷಿಕ ಆದಾಯ ರೂ. 1,80,000ವನ್ನು 15ರಿಂದ ಗುಣಿಸಿ ಶೇ. 20 ತೆಗೆದರೆ ರೂ. 5,40,000 ಆಗುತ್ತದೆ. ಪ್ರಣಯ್ ಸೇಠಿ ಪ್ರಕರಣದ (2017) ಪ್ರಮಾಣದಂತೆ ಭವಿಷ್ಯದ ಆದಾಯ ವೃದ್ಧಿಯೆಂದು ಶೇ. 40 ಸೇರಿಸಿದರೆ ಇದೇ ಮೊತ್ತ ರೂ. 7,56,000 ಆಗುತ್ತದೆ. ದುಡಿಮೆಯ ನಷ್ಟವನ್ನು ಶೇ. 10 ಎಂದು ಮಾತ್ರ ನಿರ್ಣಯಿಸಿದರೆ ಮೊತ್ತ ಅರ್ಧಕ್ಕೆ ಇಳಿಯುತ್ತದೆ. ಗಾಯದ ಪ್ರಕರಣಗಳಲ್ಲಿಯೂ ಆದಾಯ ವೃದ್ಧಿಯನ್ನು ಸೇರಿಸಬಹುದೆಂದು ಪಪ್ಪು ದೇವ್ ಯಾದವ್ (2020) ಮತ್ತು ಕರ್ನಾಟಕದಿಂದಲೇ ಹೋದ ಸಿದ್ರಾಮ (2022) ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಪ್ರತಿ ಪ್ರಕರಣದಲ್ಲಿ ಅದು ತಾನಾಗಿಯೇ ದೊರೆಯುವುದಿಲ್ಲ, ಅರ್ಜಿಯಲ್ಲಿ ಕೋರಬೇಕು.

ಕೂಲಿ ಮಾಡುವವರಲ್ಲಿ ಸಂಬಳದ ಚೀಟಿ ಇರುವುದಿಲ್ಲ. ಅದಿಲ್ಲವೆಂಬ ಕಾರಣಕ್ಕೆ ಅವರ ಹೇಳಿಕೆಯನ್ನು ತಳ್ಳಿಹಾಕಬೇಕಾಗಿಲ್ಲವೆಂದು ರಾಮಚಂದ್ರಪ್ಪ ಪ್ರಕರಣದಲ್ಲಿ (2011) ತೀರ್ಮಾನವಾಗಿದೆ. ಅದೂ ಕರ್ನಾಟಕದ ಕೂಲಿಕಾರರೊಬ್ಬರ ಪ್ರಕರಣವೇ. ಆದಾಯದ ದಾಖಲೆ ಇಲ್ಲದಾಗ ಅಪಘಾತದ ವರ್ಷಕ್ಕೆ ಅನುಗುಣವಾಗಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕೋಷ್ಟಕದಲ್ಲಿರುವ ಕಾಲ್ಪನಿಕ ಆದಾಯವನ್ನು ನ್ಯಾಯಾಲಯಗಳು ಪರಿಗಣಿಸುತ್ತವೆ. ಡೇರಿಯ ಹಾಲಿನ ಪುಸ್ತಕ, ಗೂಡಿನ ಮಾರುಕಟ್ಟೆಯ ರಸೀದಿ, ಕುಶಲಕರ್ಮಿಯ ಗುರುತಿನ ಚೀಟಿ, ಬ್ಯಾಂಕ್ ಖಾತೆಯ ವಿವರ ಇದ್ದರೆ ಕೋಷ್ಟಕಕ್ಕಿಂತ ಹೆಚ್ಚಿನ ಆದಾಯವನ್ನು ತೋರಿಸಲು ಸಾಧ್ಯ. ಊನದ ಪ್ರಮಾಣಪತ್ರವನ್ನು ಸಾಧ್ಯವಾದಷ್ಟೂ ಚಿಕಿತ್ಸೆ ನೀಡಿದ ವೈದ್ಯರಿಂದಲೇ ಪಡೆಯತಕ್ಕದ್ದು. ಗಾಯಾಳುವನ್ನು ಹಿಂದೆಂದೂ ನೋಡದ ವೈದ್ಯರ ಸಿದ್ಧ ಪ್ರಮಾಣಪತ್ರಗಳನ್ನು ನ್ಯಾಯಾಲಯಗಳು ಅನುಮಾನದಿಂದ ಕಾಣುತ್ತವೆ.

ತಪ್ಪು ಸವಾರರದೇ ಎಂಬ ವಾದ

ಬೈಸಿಕಲ್ ಸವಾರನು ಏಕಾಏಕಿ ರಸ್ತೆಗೆ ಅಡ್ಡ ಬಂದನೆಂಬುದು ವಿಮಾ ಕಂಪನಿಗಳ ಸಾಮಾನ್ಯ ವಾದ. ಸವಾರರ ತಪ್ಪು ಭಾಗಶಃ ಇದೆಯೆಂದು ಕಂಡುಬಂದಲ್ಲಿ ಆ ಪ್ರಮಾಣದಲ್ಲಿ ಪರಿಹಾರ ಕಡಿತವಾಗುತ್ತದೆ, ಪೂರ್ತಿಯಾಗಿ ನಿರಾಕರಣೆಯಾಗುವುದಿಲ್ಲ. ಒಂದು ನಿಯಮವನ್ನು ಮೀರಿದ ಮಾತ್ರಕ್ಕೆ ಕಡಿತ ಸಲ್ಲದು. ಆ ಉಲ್ಲಂಘನೆಯೇ ಅಪಘಾತಕ್ಕೆ ಅಥವಾ ಗಾಯಕ್ಕೆ ಕಾರಣವಾಗಿರಬೇಕೆಂದು ಮೋಟಾರು ಸೈಕಲ್ಲಿನಲ್ಲಿ ಮೂವರು ಹೋಗುತ್ತಿದ್ದ ಮೊಹಮ್ಮದ್ ಸಿದ್ದೀಖ್ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಹೇಳಿದೆ.

ಈ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕಾದ ರಸ್ತೆ ಬೆಂಗಳೂರು-ಮೈಸೂರು ರಾಷ್ಟ್ರೀಯ ಹೆದ್ದಾರಿ 275. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಇದರ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಮೋಟಾರು ಸೈಕಲ್, ಆಟೋರಿಕ್ಷಾ, ಟ್ರ್ಯಾಕ್ಟರುಗಳ ಜೊತೆಗೆ ಬೈಸಿಕಲ್ಲಿನಂತಹ ಮೋಟಾರುರಹಿತ ವಾಹನಗಳನ್ನೂ ನಿಷೇಧಿಸಲಾಗಿದೆ. ಬಿಡದಿ, ರಾಮನಗರ ಮತ್ತು ಚನ್ನಪಟ್ಟಣದ ಕಡೆಯ ಸವಾರರು ಸರ್ವೀಸ್ ರಸ್ತೆ ಮತ್ತು ಪಟ್ಟಣಗಳೊಳಗಿನ ಹಳೆಯ ರಸ್ತೆಯನ್ನೇ ಬಳಸಬೇಕು. ಮುಖ್ಯ ಪಥದಲ್ಲಿ ಅಪಘಾತವಾದರೆ ಹಕ್ಕು ಪೂರ್ತಿ ನಾಶವಾಗುವುದಿಲ್ಲ, ಆದರೆ ಕಡಿತದ ವಾದ ಬಲವಾಗುತ್ತದೆ. ಸರ್ವೀಸ್ ರಸ್ತೆಯಲ್ಲಿ ಅಪಘಾತವಾಗಿದ್ದಲ್ಲಿ ಮಹಜರಿನಲ್ಲಿ ಕೇವಲ "ಹೆದ್ದಾರಿ" ಎಂದು ಬರೆಯದೆ "ಸರ್ವೀಸ್ ರಸ್ತೆ" ಎಂದೇ ಬರೆಯಿಸತಕ್ಕದ್ದು. ರಾತ್ರಿ ಮತ್ತು ಬೆಳಗಿನ ಜಾವ ಸಂಚರಿಸುವವರು ಬೈಸಿಕಲ್ಲಿನ ಹಿಂಬದಿಗೆ ಕೆಂಪು ಪ್ರತಿಫಲಕ ಅಳವಡಿಸಿಕೊಂಡಿದ್ದರೆ ಜೀವಕ್ಕೂ ವ್ಯಾಜ್ಯಕ್ಕೂ ರಕ್ಷಣೆ.

ಮಕ್ಕಳು ಗಾಯಗೊಂಡಲ್ಲಿ

8ನೇ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿದ ಉಚಿತ ಬೈಸಿಕಲ್ ವಿತರಣೆ ಕೋವಿಡ್ ಕಾಲದಲ್ಲಿ ನಿಂತಿತಾದರೂ, ಬೈಸಿಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳು ಇದ್ದೇ ಇದ್ದಾರೆ. ಮಗುವಿನ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಅರ್ಜಿ ಸಲ್ಲಿಸಬಹುದು. ಮಗುವಿನಿಂದ ವಯಸ್ಕರಷ್ಟು ಎಚ್ಚರವನ್ನು ನಿರೀಕ್ಷಿಸಲಾಗದೆಂಬುದನ್ನು ನ್ಯಾಯಾಲಯಗಳು ಗಮನದಲ್ಲಿಡುತ್ತವೆ. ಮಾಸ್ಟರ್ ಮಲ್ಲಿಕಾರ್ಜುನ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್, ಚಿಕಿತ್ಸೆ ಮತ್ತು ಆರೈಕೆಯ ವೆಚ್ಚವನ್ನು ಬಿಟ್ಟು, ಇಡೀ ದೇಹದ ಊನ ಶೇ. 10ರವರೆಗೆ ಇದ್ದರೆ ಸಾಮಾನ್ಯವಾಗಿ ರೂ. 1 ಲಕ್ಷ, ಶೇ. 30ರವರೆಗೆ ರೂ. 3 ಲಕ್ಷ, ಶೇ. 60ರವರೆಗೆ ರೂ. 4 ಲಕ್ಷ, ಶೇ. 90ರವರೆಗೆ ರೂ. 5 ಲಕ್ಷ, ಅದಕ್ಕೂ ಮೀರಿದರೆ ರೂ. 6 ಲಕ್ಷವೆಂದು ಸೂಚಿಸಿತ್ತು. ಹಿತೇಶ್ ನಾಗ್ಜಿಭಾಯಿ ಪಟೇಲ್ ಪ್ರಕರಣದಲ್ಲಿ (2025) ಮಗುವಿನ ಆದಾಯವನ್ನು ರಾಜ್ಯದ ಕುಶಲ ಕಾರ್ಮಿಕರ ಕನಿಷ್ಠ ವೇತನದ ಆಧಾರದ ಮೇಲೆ ಲೆಕ್ಕ ಹಾಕಬೇಕೆಂದು ಹೇಳಿರುವುದರಿಂದ, ಅದರಂತೆ ಹೆಚ್ಚಿನ ಮೊತ್ತವನ್ನು ಕೋರುವುದು ಸೂಕ್ತ.

ವಿಮೆಯಿಲ್ಲದ ವಾಹನ ಮತ್ತು ಸಾರಿಗೆ ನಿಗಮದ ಬಸ್ಸು

ವಾಹನಕ್ಕೆ ವಿಮೆ ಇದೆಯೇ ಎಂಬುದನ್ನು ನೋಂದಣಿ ಸಂಖ್ಯೆಯ ಮೂಲಕ ಎಂ-ಪರಿವಾಹನ್ ತಂತ್ರಾಂಶದಲ್ಲಿ ನೋಡಬಹುದು. ವಿಮೆಯಿಲ್ಲದಿದ್ದಲ್ಲಿ ಮಾಲೀಕ ಮತ್ತು ಚಾಲಕರೇ ಹೊಣೆಗಾರರು. ಅಂತಹ ವಾಹನವನ್ನು ಸಾಕಷ್ಟು ಭದ್ರತೆ ಪಡೆಯದೆ ಬಿಡುಗಡೆ ಮಾಡಬಾರದೆಂದು ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಆಕ್ಷೇಪಣೆ ಸಲ್ಲಿಸುವುದು ಅಗತ್ಯ. ವಾಹನ ಕೈಬಿಟ್ಟ ಮೇಲೆ ವಸೂಲಾತಿ ಬಹಳ ಕಷ್ಟ. ವಿಮೆಯಿದ್ದು ಚಾಲಕನಿಗೆ ಪರವಾನಗಿ ಇಲ್ಲದಿದ್ದರೆ, ವಿಮಾ ಕಂಪನಿಯು ಮೊದಲು ಪರಿಹಾರ ಪಾವತಿಸಿ ನಂತರ ಮಾಲೀಕರಿಂದ ವಸೂಲು ಮಾಡಿಕೊಳ್ಳುವ ತತ್ವವಿದೆ. ಇದನ್ನು ಕರ್ನಾಟಕ ಉಚ್ಚ ನ್ಯಾಯಾಲಯದ ಪೂರ್ಣಪೀಠವು ಯಲ್ಲವ್ವ ಪ್ರಕರಣದಲ್ಲಿ (2020) ವಿವರವಾಗಿ ಪರಿಶೀಲಿಸಿದೆ. ಸಾರಿಗೆ ನಿಗಮದ ಬಸ್ಸಿನಿಂದ ಅಪಘಾತವಾಗಿದ್ದಲ್ಲಿ ನಿಗಮವನ್ನೇ ಪ್ರತಿವಾದಿಯನ್ನಾಗಿ ಮಾಡಬೇಕು.

ಮೋಟಾರು ವಾಹನದ ಸಂಬಂಧವಿಲ್ಲದ ಅಪಘಾತ

ರಸ್ತೆಗುಂಡಿಗೆ ಬಿದ್ದು, ದನ ಅಡ್ಡ ಬಂದು ಅಥವಾ ಇನ್ನೊಂದು ಬೈಸಿಕಲ್ಲಿಗೆ ತಗಲಿ ಗಾಯವಾದಲ್ಲಿ ಈ ಅಧಿನಿಯಮದ ನ್ಯಾಯಮಂಡಳಿಗೆ ಅಧಿಕಾರವಿರುವುದಿಲ್ಲ. ರಸ್ತೆಯ ಹೊಣೆ ಹೊತ್ತ ಸಂಸ್ಥೆಯ ವಿರುದ್ಧ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದಾದರೂ ಅದು ದೀರ್ಘವಾದ ಹಾದಿ. ಇಂತಹ ಸಂದರ್ಭಕ್ಕೆ ನೆರವಾಗುವುದು ಸ್ವಂತ ವಿಮೆ. ವರ್ಷಕ್ಕೆ ರೂ. 20 ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಯಡಿ 18ರಿಂದ 70 ವರ್ಷದ ಖಾತೆದಾರರಿಗೆ ಅಪಘಾತದ ಮರಣ ಅಥವಾ ಪೂರ್ಣ ಶಾಶ್ವತ ಊನಕ್ಕೆ ರೂ. 2 ಲಕ್ಷ, ಒಂದು ಕೈ, ಕಾಲು ಅಥವಾ ಕಣ್ಣಿನ ನಷ್ಟಕ್ಕೆ ರೂ. 1 ಲಕ್ಷ ದೊರೆಯುತ್ತದೆ.

ಅರ್ಜಿ ಸಲ್ಲಿಸುವ ಸ್ಥಳ ಮತ್ತು ಕಾನೂನು ನೆರವು

166(2)ನೇ ಕಲಮಿನಂತೆ ಅಪಘಾತದ ಸ್ಥಳ, ಅರ್ಜಿದಾರರ ವಾಸ ಅಥವಾ ವ್ಯವಹಾರದ ಸ್ಥಳ, ಇಲ್ಲವೇ ಪ್ರತಿವಾದಿಯ ವಾಸಸ್ಥಳದ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯನ್ನು ಅರ್ಜಿದಾರರೇ ಆಯ್ದುಕೊಳ್ಳಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳು ಈ ನ್ಯಾಯಮಂಡಳಿಗಳಾಗಿ ಕಾರ್ಯ ನಿರ್ವಹಿಸುತ್ತವೆ. ಬೆಂಗಳೂರಿನಲ್ಲಿಯೇ ಅರ್ಜಿ ಹಾಕಿದರೆ ಹೆಚ್ಚು ಹಣ ಬರುತ್ತದೆಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ಪ್ರತಿ ವಾಯಿದೆಗೂ ಸಾಕ್ಷಿಗಳನ್ನು ಕರೆದೊಯ್ಯುವ ವೆಚ್ಚವನ್ನು ಲೆಕ್ಕ ಹಾಕಿ ತೀರ್ಮಾನಿಸುವುದು ಒಳಿತು. ಕೆಲಸದ ವೇಳೆಯಲ್ಲಿ ಗಾಯಗೊಂಡ ನೌಕರರು ನೌಕರರ ಪರಿಹಾರದ ಕಾನೂನು ಅಥವಾ ಈ ಅಧಿನಿಯಮ, ಎರಡರಲ್ಲಿ ಒಂದರಡಿ ಮಾತ್ರ ಪರಿಹಾರ ಪಡೆಯಬಹುದು.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು ಹಾಗೂ ಸರ್ಕಾರ ನಿಗದಿಪಡಿಸಿದ ಮಿತಿಗಿಂತ ಕಡಿಮೆ ಆದಾಯವುಳ್ಳವರು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಮಿನಂತೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ಇದಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು, ತಾಲ್ಲೂಕು ನ್ಯಾಯಾಲಯದ ಆವರಣದ ಕಾನೂನು ಸೇವೆಗಳ ಸಮಿತಿಯನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಆಸ್ಪತ್ರೆಯ ವಾರ್ಡಿಗೇ ಬಂದು ಖಾಲಿ ಕಾಗದಗಳಿಗೆ ಸಹಿ ಪಡೆಯುವ ಮಧ್ಯವರ್ತಿಗಳ ಬಗ್ಗೆ ಎಚ್ಚರವಹಿಸತಕ್ಕದ್ದು. ಪರಿಹಾರದ ಮೊತ್ತದಲ್ಲಿ ಇಂತಿಷ್ಟು ಪಾಲೆಂದು ಶುಲ್ಕ ನಿಗದಿಪಡಿಸುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧವಾದುದು.

ಆದೇಶವಾದ ಮೊತ್ತಕ್ಕೆ 171ನೇ ಕಲಮಿನಡಿ ಬಡ್ಡಿಯೂ ಸೇರುತ್ತದೆ. ರಾಜ್ಯದಲ್ಲಿ ಸಾಮಾನ್ಯವಾಗಿ ವಾರ್ಷಿಕ ಶೇ. 6ರ ದರದಲ್ಲಿ ನೀಡಲಾಗುತ್ತಿದೆ. ಮೊತ್ತದ ಒಂದು ಭಾಗವನ್ನು ನ್ಯಾಯಮಂಡಳಿಯು ನಿಶ್ಚಿತ ಠೇವಣಿಯಲ್ಲಿ ಇರಿಸಬಹುದು. ಶಸ್ತ್ರಚಿಕಿತ್ಸೆಯಂತಹ ಅಗತ್ಯಕ್ಕೆ ಅವಧಿಗೆ ಮುನ್ನ ಹಣ ಬಿಡಿಸಿಕೊಳ್ಳಲು ಅದೇ ನ್ಯಾಯಮಂಡಳಿಗೆ ಮನವಿ ಸಲ್ಲಿಸಬಹುದು. ಆದೇಶದಿಂದ ಅಸಮಾಧಾನಗೊಂಡವರು 173ನೇ ಕಲಮಿನಂತೆ 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿವಾದದ ಮೊತ್ತವು ರೂ. 1 ಲಕ್ಷಕ್ಕಿಂತ ಕಡಿಮೆಯಿದ್ದಲ್ಲಿ ಮೇಲ್ಮನವಿಗೆ ಅವಕಾಶವಿರುವುದಿಲ್ಲ.